ರಂಗೋಲಿಯ ಕೆಳಗೆ ನುಸುಳಿದವರು

ಕಾನೂನನ್ನು ಮುರಿಯುವವನು ಕೆಟ್ಟವನು ಎನ್ನುತ್ತೇವೆ. ಅಕ್ಷರಶಃ ಪಾಲಿಸಿ ಅದರ ಆಶಯವನ್ನೇ ಕೊಲ್ಲುವವನನ್ನು ಏನೆನ್ನೋಣ? ಅಂಥವನನ್ನು ನಮ್ಮ ಸಮಾಜ ಹೆಚ್ಚಾಗಿ ಜಾಣ ಎಂದೇ ಕರೆಯುತ್ತದೆ. ಪೊಲೀಸರು ಕಂಡಾಗ ಮಾತ್ರ ಹೆಲ್ಮೆಟ್ ಧರಿಸುವ ನಾವೂ ಈ ಜಾಣರ ಸಾಲಿನವರೇ ಅನ್ನಿ.

ಅಮೆರಿಕದಲ್ಲಿ ಎಪಿಕ್ ಗೇಮ್ಸ್ ಕಂಪೆನಿ 2020ರಲ್ಲಿ ಆಪಲ್ ವಿರುದ್ಧ ಮೊಕದ್ದಮೆ ಹೂಡಿತು. ಮರುವರ್ಷ ನ್ಯಾಯಾಧೀಶೆ ಇವಾನ್ ಗೊನ್ಸಾಲೆಸ್ ರೋಜರ್ಸ್ ಕೊಟ್ಟ ತೀರ್ಪಿನಲ್ಲಿ ಎಪಿಕ್‌ನ ಹತ್ತು ಆಪಾದನೆಗಳ ಪೈಕಿ ಒಂಬತ್ತರಲ್ಲಿ ಗೆದ್ದದ್ದು ಆಪಲ್! ಸೋತದ್ದು ಒಂದರಲ್ಲಿ ಮಾತ್ರ. ಆ್ಯಪ್ ತಯಾರಕರು ತಮ್ಮ ಗ್ರಾಹಕರಿಗೆ 'ಹೊರಗೆ ಬೇರೆ ಕಡೆಯೂ ಹಣ ಪಾವತಿಸಬಹುದು' ಎಂದು ತಿಳಿಸುವುದನ್ನು ತಡೆಯಬಾರದು, ಅಷ್ಟೇ.

ಮೇಲ್ಮನವಿಗಳೆಲ್ಲ ಮುಗಿದ ಮೇಲೆ, 2024ರ ಜನವರಿಯಲ್ಲಿ ಆಪಲ್ ಬಾಗಿಲು ತೆರೆಯಿತು. ಆದರೆ ಆ ಬಾಗಿಲಿನಿಂದ ಹೊರಗೆ ಹೋಗಿ ಮಾಡಿದ ಖರೀದಿಗೂ ಶೇ. 27 ಕಮಿಷನ್ ಕೇಳಿತು. ಒಳಗಿನ ದರ ಶೇ. 30. ಹೊರಗೆ ಹಣ ಪಾವತಿಯ ವ್ಯವಸ್ಥೆಗೇ ಉಳಿದ ಮೂರು ಖರ್ಚಾಗುವಾಗ ಯಾವ ವ್ಯಾಪಾರಿ ತಾನೇ ಹೊರಗೆ ಹೋದಾನು? ಸಾಲದ್ದಕ್ಕೆ ಗ್ರಾಹಕನನ್ನು ಹೆದರಿಸಲು ತೆರೆ ತುಂಬ ಎಚ್ಚರಿಕೆಯ ಬರಹ.

ಕಾನೂನಿನ ಸಂದನ್ನು ಬಳಸುವುದೇ ಪಾಪವೇ ಎಂದು ಕೇಳಬಹುದು. ಅಲ್ಲ. ಕಾನೂನು ರಚಿಸಿದವರೇ ಬಿಟ್ಟುಕೊಟ್ಟ ರಿಯಾಯಿತಿಯನ್ನು ಪಡೆಯುವುದು ಬೇರೆ, ನ್ಯಾಯಾಲಯ ಇಂಥದ್ದನ್ನೇ ಮಾಡು ಎಂದಾಗ ಅದು ನಡೆಯದಂತೆ ಏರ್ಪಾಟು ಮಾಡುವುದು ಬೇರೆ. ಎರಡನೆಯದರಲ್ಲಿ ಸುಳ್ಳಿದೆ. ಮತ್ತು ಸುಳ್ಳಿಗೆ ಕಾವಲು ಬೇಕಾಗುತ್ತದೆ.

ಆಪಲ್‌ನಲ್ಲಿ ಆ ಕಾವಲೇ ಕುಸಿಯಿತು. ಕಂಪೆನಿಯ ಒಳಗಿನ ಕಾಗದಪತ್ರಗಳು ನ್ಯಾಯಾಲಯಕ್ಕೆ ಬಂದವು. ಹಿರಿಯ ಅಧಿಕಾರಿ ಫಿಲ್ ಶಿಲ್ಲರ್ ಆದೇಶ ಪಾಲಿಸಬೇಕೆಂದು ವಾದಿಸಿದ್ದರು, ಟಿಮ್ ಕುಕ್ ಅವರ ಮಾತು ಕೇಳಲಿಲ್ಲ ಎಂದು ನ್ಯಾಯಾಧೀಶೆ ದಾಖಲಿಸಿದರು. ಹಣಕಾಸು ವಿಭಾಗದ ಒಬ್ಬ ಅಧಿಕಾರಿ ಪ್ರಮಾಣ ಮಾಡಿ ಸುಳ್ಳು ಹೇಳಿದ್ದೂ ಬಯಲಾಯಿತು. ಹೇಳಬೇಕಾದ ಮಾತನ್ನು ಹೇಳಿದ ಒಬ್ಬನಾದರೂ ಒಳಗಿದ್ದ ಎಂಬುದೇ ನಮಗೆ ಈ ಪ್ರಕರಣದಲ್ಲಿ ಹೆಚ್ಚು ಕಾಡುವ ಸಂಗತಿ.

2025ರ ಏಪ್ರಿಲ್ 30ರಂದು ನ್ಯಾಯಾಲಯ ನಿಂದನೆಯ ತೀರ್ಪು ಬಂತು. ಅಂಥ ಖರೀದಿಗಳ ಮೇಲೆ ಕಮಿಷನ್ ಶೂನ್ಯ! ಕ್ರಿಮಿನಲ್ ತನಿಖೆ ಬೇಕೇ ಎಂದು ಪರಿಶೀಲಿಸಲು ವಿಷಯ ಸರಕಾರಿ ವಕೀಲರ ಮುಂದೂ ಹೋಯಿತು. ಮೊದಲೇ ನ್ಯಾಯವಾದ ದರ ಕೇಳಿದ್ದರೆ ಬಹುಶಃ ಅದಾದರೂ ದಕ್ಕುತ್ತಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಸಂಪೂರ್ಣ ನಿಷೇಧವನ್ನು ಸಡಿಲಿಸಿ, ಸೂಕ್ತ ಕಮಿಷನ್ ಕೇಳಲು ಅವಕಾಶ ಕೊಟ್ಟಿತು. ನಿಂದನೆಯ ತೀರ್ಮಾನವನ್ನು ಮಾತ್ರ ಹಾಗೆಯೇ ಉಳಿಸಿತು.