ಯಾಗದ ಫಲ ಯಾರ ಪಾಲು

ಗೀತೆಯ ಎರಡನೆಯ ಅಧ್ಯಾಯದ 47ನೆಯ ಶ್ಲೋಕಕ್ಕೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಬಿಡುವೆಂಬುದೇ ಇಲ್ಲ. ಎನ್‌ಎಸ್‌ಎಸ್ ಶಿಬಿರದ ಉದ್ಘಾಟನೆಗೆ ಬಂದ ಅತಿಥಿಗಳು ಅದನ್ನು ಹೇಳುತ್ತಾರೆ, ಸಮಾರೋಪಕ್ಕೆ ಬಂದವರೂ ಅದನ್ನೇ ಹೇಳುತ್ತಾರೆ. ಕ್ವಿಜ್ ಕ್ಲಬ್ಬಿನ ಬ್ಯಾನರಿಗೆ ದುಡ್ಡು ಬೇಕು ಎಂದು ಹುಡುಗರು ಕಚೇರಿಯ ಬಾಗಿಲಲ್ಲಿ ನಿಂತರೂ ಅದೇ ಶ್ಲೋಕ. ಕೆಲಸ ಮಾಡಿ, ಫಲ ಕೇಳಬೇಡಿ. ಹೇಳುವವರು ಹೇಳಿ ಕಾರು ಹತ್ತುತ್ತಾರೆ, ಕೇಳಿದವರು ಶಾಮಿಯಾನದ ಕುರ್ಚಿ ಎತ್ತಿಡುತ್ತಾರೆ.

ನಾನು ಸಸ್ಯಶಾಸ್ತ್ರ ಕಲಿಸುವವಳು. ವೇದಾಂತ ನನ್ನ ಪಾಠವಲ್ಲ. ಆದರೂ ಹೋದ ವರ್ಷ ಈ ಶ್ಲೋಕ ನನ್ನ ತಲೆ ಕೆಡಿಸಿತು. ನಮ್ಮ ಎಂಎಸ್ಸಿ ವಿದ್ಯಾರ್ಥಿನಿಯೊಬ್ಬಳು, ಅರಸೀಕೆರೆ ಕಡೆಯ ಹುಡುಗಿ, ಬೇಸಿಗೆ ರಜೆಯಲ್ಲಿ ಬೇರೆ ಊರಿನ ಒಂದು ಪ್ರಯೋಗಾಲಯಕ್ಕೆ ಹೋಗಿದ್ದಳು. ಎಲೆಯ ಅಡಿಭಾಗಕ್ಕೆ ತೆಳ್ಳಗೆ ನೈಲ್ ಪಾಲಿಶ್ ಬಳಿಯಬೇಕು. ಅದು ಒಣಗಿದ ಮೇಲೆ ಸೆಲೊಟೇಪ್ ಒತ್ತಿ, ಆ ಪೊರೆಯನ್ನು ಹರಿಯದಂತೆ ಎಬ್ಬಿಸಿ, ಸ್ಲೈಡಿಗೆ ಅಂಟಿಸಿ, ಮೈಕ್ರೋಸ್ಕೋಪಿನಡಿ ಇಟ್ಟು ಪತ್ರರಂಧ್ರಗಳನ್ನು ಎಣಿಸಬೇಕು. ಒಂದು ಎಲೆಗೆ ಹಲವು ಜಾಗ, ಒಂದು ಗಿಡಕ್ಕೆ ಹಲವು ಎಲೆ. ಕೇಳಲಿಕ್ಕೆ ಸುಲಭ. ಪಾಲಿಶ್ ಸ್ವಲ್ಪ ದಪ್ಪವಾದರೆ ಅಚ್ಚು ಮೂಡುವುದಿಲ್ಲ, ತೆಳುವಾದರೆ ಪೊರೆ ಚಿಂದಿಯಾಗುತ್ತದೆ, ರೋಮವಿರುವ ಎಲೆಯಾದರೆ ಗಾಳಿಗುಳ್ಳೆ ಸೇರಿ ಎಲ್ಲ ಮೊದಲಿಂದ. ಅವಳ ಎಣಿಕೆಗಳು ಮುಂದೆ ಒಂದು ಲೇಖನದ ಕೋಷ್ಟಕವಾಗಿ ಅಚ್ಚಾದವು. ಹೆಸರು ಮಾತ್ರ ಇರಲಿಲ್ಲ. ಕೊನೆಯಲ್ಲಿ ಕೃತಜ್ಞತೆಯ ಸಾಲಿನಲ್ಲಿ ‘ನಮ್ಮ ವಿದ್ಯಾರ್ಥಿಗಳಿಗೆ’ ಎಂದಿತ್ತು. ಫೋನ್ ಮಾಡಿ ವಿಚಾರಿಸಿದ್ದಕ್ಕೆ ಆ ಕಡೆಯಿಂದ ಬಂದ ಉತ್ತರ, ಅದೇ ಶ್ಲೋಕ.

“ಮೇಡಂ, ಹೆಸರು ಬೇಕು ಅನ್ನಿಸಿದ್ದು ತಪ್ಪಾ?” ಎಂದು ಅವಳು ಕೇಳಿದಳು. ಸಿಟ್ಟಿನಿಂದ ಕೇಳಿದ್ದರೆ ಸಮಾಧಾನ ಹೇಳಿ ಕಳಿಸಬಹುದಿತ್ತು. ಅವಳು ನಿಜಕ್ಕೂ ತನ್ನಲ್ಲೇ ಏನೋ ಕೊರತೆ ಇದೆ ಎಂಬಂತೆ ಕೇಳಿದ್ದಳು.

ನನ್ನ ಸೋದರಮಾವ ಪೂರ್ವಮೀಮಾಂಸೆ ಓದಿದವರು. ಎಂಬತ್ತು ದಾಟಿದೆ. ಮೋಕ್ಷದ ಮಾತೆತ್ತಿದರೆ ತೂಕಡಿಸುತ್ತಾರೆ, ಯಾಗದ ವಿಧಿಯ ಬಗ್ಗೆ ಕೇಳಿದರೆ ಎದ್ದು ಕೂರುತ್ತಾರೆ. ನಡೆದದ್ದನ್ನು ಹೇಳಿದೆ.

“ಆ ಶ್ಲೋಕ ಹೇಳಿದ್ದು ಯಾರು? ಯಾಗ ಮಾಡಿಸಿದವನೇ ತಾನೆ? ಹದಿನೇಳನೇ ಅಧ್ಯಾಯ ಓದಿಕೊಂಡು ಬರೋದಕ್ಕೆ ಹೇಳಮ್ಮ ಅವನಿಗೆ” ಎಂದರು.

ತೆಗೆದು ನೋಡಿದೆ. ಹದಿನೇಳನೆಯ ಅಧ್ಯಾಯದ 13ನೆಯ ಶ್ಲೋಕ. ವಿಧಿಯಿಲ್ಲದ, ಅನ್ನ ಬಡಿಸದ, ಮಂತ್ರವಿಲ್ಲದ, ದಕ್ಷಿಣೆ ಕೊಡದ, ಶ್ರದ್ಧೆಯಿಲ್ಲದ ಯಜ್ಞವನ್ನು ಕೃಷ್ಣ ಅಲ್ಲಿ ತಾಮಸ ಎಂದು ಕರೆಯುತ್ತಾನೆ. ಫಲದ ಆಸೆ ಬಿಡು ಎಂದವನೇ, ಅದೇ ಪುಸ್ತಕದಲ್ಲಿ, ದುಡಿದವರಿಗೆ ಊಟ ಹಾಕು, ದಕ್ಷಿಣೆ ಕೊಡು ಎನ್ನುತ್ತಾನೆ. ಎರಡು ಮಾತಿಗೂ ಜಗಳವಿಲ್ಲ, ಏಕೆಂದರೆ ಎರಡೂ ಒಬ್ಬನಿಗೆ ಹೇಳಿದ ಮಾತಲ್ಲ. ಮೊದಲನೆಯದು ಕೆಲಸಕ್ಕೆ ಇಳಿಯುವವನು ತನ್ನ ಮನಸ್ಸನ್ನು ತಾನು ನೋಡಿಕೊಳ್ಳಲಿಕ್ಕೆ. ಎರಡನೆಯದು ಕೆಲಸ ಮಾಡಿಸುವವನು ತನ್ನ ಕೈಯನ್ನು ನೋಡಿಕೊಳ್ಳಲಿಕ್ಕೆ. ಮಾಡಿಸುವವನು ಮೊದಲನೆಯ ಶ್ಲೋಕವನ್ನು ಎತ್ತಿ ಮಾಡುವವನ ಮುಂದೆ ಹಿಡಿದರೆ ಅದು ಉಪದೇಶವಾಗಿ ಉಳಿಯುವುದಿಲ್ಲ, ವ್ಯವಹಾರವಾಗುತ್ತದೆ.

ಮೀಮಾಂಸಕರು ಈ ವಿಷಯದಲ್ಲಿ ನಮಗಿಂತ ಪ್ರಾಮಾಣಿಕರು ಎಂದು ಆಮೇಲಿನ ಮಾತುಕತೆಗಳಲ್ಲಿ ನನಗೆ ಅನ್ನಿಸುತ್ತ ಬಂತು. ಆಹುತಿ ಹಾಕುವವನು ಋತ್ವಿಜ, ಆದರೆ ಯಾಗದ ಫಲ ಯಜಮಾನನಿಗೆ. ಇದನ್ನು ಮೀಮಾಂಸಾಸೂತ್ರ ರಚಿಸಿದ ಜೈಮಿನಿಯ ಪರಂಪರೆ ಮುಚ್ಚುಮರೆಯಿಲ್ಲದೆ ಒಪ್ಪುತ್ತದೆ. ಹಾಗೆ ಒಪ್ಪಿದ್ದರಿಂದಲೇ ದಕ್ಷಿಣೆಯ ಲೆಕ್ಕವನ್ನೂ ಅಷ್ಟೇ ಗಟ್ಟಿಯಾಗಿ ಕಟ್ಟಿದೆ. ಅವರ ಪ್ರಕಾರ ಯಾಗದ ದಕ್ಷಿಣೆ ದಾನವಲ್ಲ, ಉಪಕಾರವೂ ಅಲ್ಲ, ದುಡಿಮೆಯನ್ನು ಕೊಂಡದ್ದಕ್ಕೆ ಕೊಡುವ ಬೆಲೆ. ಸೋಮಯಾಗಕ್ಕೆ 16 ಮಂದಿ ಋತ್ವಿಜರು, ನಾಲ್ಕು ನಾಲ್ಕರ ನಾಲ್ಕು ದರ್ಜೆ. ದಕ್ಷಿಣೆಗೆ ನೂರು ಹಸು ಎಂದಿಟ್ಟುಕೊಂಡರೆ ಮೊದಲ ದರ್ಜೆಯವರಿಗೆ ತಲಾ 12, ಎರಡನೆಯವರಿಗೆ 6, ಮೂರನೆಯವರಿಗೆ 4, ಕಡೆಯವರಿಗೆ 3. ಕೂಡಿ ನೋಡಿದೆ, ಸರಿಯಾಗಿ ನೂರು. ಕಡೆಯ ದರ್ಜೆಯಲ್ಲಿ ಗ್ರಾವಸ್ತುತ್ ಎಂಬವನಿದ್ದಾನೆ. ಸೋಮವನ್ನು ಜಜ್ಜುವ ಕಲ್ಲುಗಳನ್ನು ಸ್ತುತಿಸುವುದು ಅವನ ಕೆಲಸ. ಅವನಿಗೂ ಮೂರು ಹಸು ಬರಬೇಕು, ಬರುತ್ತದೆಂದು ಚಪ್ಪರದೊಳಗೆ ಕಾಲಿಡುವ ಮೊದಲೇ ಅವನಿಗೆ ಗೊತ್ತು.

ಪತ್ರರಂಧ್ರ ಎಣಿಸಿದವಳಿಗೂ ಪ್ರಶ್ನೆಯನ್ನು ಹುಟ್ಟುಹಾಕಿ ವರ್ಷಗಟ್ಟಲೆ ಅದರ ಬೆನ್ನು ಹತ್ತಿದವರಿಗೂ ಒಂದೇ ಪಾಲು ಎಂದು ನಾನು ವಾದಿಸುವುದಿಲ್ಲ. ಹನ್ನೆರಡು ಹನ್ನೆರಡೇ, ಮೂರು ಮೂರೇ. ಆದರೆ ಮೂರು ಸೊನ್ನೆಯಲ್ಲ. ಈಗ ವಿಜ್ಞಾನ ಪತ್ರಿಕೆಗಳೂ ಈ ದಾರಿಗೆ ಬಂದಿವೆ. ‘ಕ್ರೆಡಿಟ್’ ಎಂಬ ಪದ್ಧತಿಯಲ್ಲಿ ಒಂದು ಸಂಶೋಧನೆಯ ಕೆಲಸವನ್ನು 14 ಪಾತ್ರಗಳಾಗಿ ಬಿಡಿಸಿ, ಯಾರು ಕಲ್ಪಿಸಿದರು, ಯಾರು ಅಳೆದರು, ಯಾರು ದತ್ತಾಂಶ ಜೋಡಿಸಿದರು, ಯಾರು ದುಡ್ಡು ತಂದರು ಎಂದು ಬರೆಯುತ್ತಾರೆ. ಮಾವನಿಗೆ ಹೇಳಿದಾಗ, “ಹದಿನಾಲ್ಕೇ? ಇನ್ನೆರಡು ಬಿಟ್ಟುಬಿಟ್ಟರಲ್ಲ” ಎಂದು ನಕ್ಕರು.

ಆಮೇಲೆ ಅವರು ಸತ್ರದ ವಿಷಯ ತೆಗೆದರು. ನನ್ನ ಗೊಂದಲ ಬಿಚ್ಚಿಕೊಂಡದ್ದು ಅಲ್ಲಿ. ಸತ್ರವೂ ಸೋಮಯಾಗವೇ, ಬಹುದಿನ ನಡೆಯುವಂಥದು. 17ರಿಂದ 24 ಮಂದಿ ಸೇರಿ ಮಾಡುತ್ತಾರೆ. ಅಲ್ಲಿ ಋತ್ವಿಜರೇ ಯಜಮಾನರು, ಯಜಮಾನರೇ ಋತ್ವಿಜರು. ಒಬ್ಬನನ್ನು ಗೃಹಪತಿ ಎಂದು ಮುಂದೆ ನಿಲ್ಲಿಸಿಕೊಳ್ಳುತ್ತಾರೆ, ಆದರೆ ಫಲ ಎಲ್ಲರದು. ಅದಕ್ಕೇ ಸತ್ರದಲ್ಲಿ ದಕ್ಷಿಣೆ ಇಲ್ಲ. ಕೊಳ್ಳುವವನು ಬೇರೆ, ಕೊಡುವವನು ಬೇರೆ ಎಂದಿದ್ದರಲ್ಲವೇ ಬೆಲೆಯ ಮಾತು?

ವಿದ್ಯಾರ್ಥಿ ಸಂಘವೆಂದರೆ ಇದೇ. ನಮ್ಮಲ್ಲಿ ಒಂದು ಸಸ್ಯ ಸಂಘವಿದೆ. ಭಾನುವಾರ ಬೆಳಗ್ಗೆ ಬೆಟ್ಟಕ್ಕೋ ಕೆರೆ ಏರಿಗೋ ಹೋಗುತ್ತಾರೆ, ತಿಂಡಿಗೆ ತಾವೇ ಚಂದಾ ಹಾಕಿಕೊಳ್ಳುತ್ತಾರೆ. ಒಬ್ಬ ಕಾರ್ಯದರ್ಶಿ, ಅವನೇ ಗೃಹಪತಿ, ಬೈಸಿಕೊಳ್ಳುವುದರಲ್ಲಿ ಮಾತ್ರ ಮೊದಲಿಗ. ಯಾರಿಗೂ ಯಾರೂ ಏನೂ ಕೊಡಬೇಕಾಗಿಲ್ಲ, ಯಾರೂ ಕೇಳುವುದೂ ಇಲ್ಲ. ಪ್ರಯೋಗಾಲಯ ಹೀಗಲ್ಲ. ಅಲ್ಲಿ ಯೋಜನೆಯ ಹಣ ಒಬ್ಬರ ಹೆಸರಿಗೆ ಬಂದಿರುತ್ತದೆ, ಬಡ್ತಿಯ ಅಂಕ ಅವರ ಖಾತೆಗೆ ಸೇರುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ, ಅದು ಯಜಮಾನನಿರುವ ಯಾಗ. ತೊಡಕೇಳುವುದು, ಕೆಲಸದ ಹೊತ್ತಿಗೆ ‘ನಾವೆಲ್ಲ ಒಂದೇ ಕುಟುಂಬ’ ಎಂದು ಸತ್ರ ನಡೆಸಿ, ಫಲದ ಹೊತ್ತಿಗೆ ಯಜಮಾನ ಒಬ್ಬನೇ ಆದಾಗ. ನಮ್ಮ ಹುಡುಗಿಗೆ ಆದದ್ದು ಇದು. ಅವಳಿಗೆ ಬಡಿದದ್ದು ಆಸೆಯ ರೋಗವಲ್ಲ. ತಾನು ಯಾವ ಯಾಗದಲ್ಲಿ ಕೂತಿದ್ದೇನೆ ಎಂಬುದನ್ನು ಯಾರೂ ಅವಳಿಗೆ ಹೇಳಿರಲಿಲ್ಲ.

ಇಷ್ಟೆಲ್ಲ ಹೊಗಳುವಾಗ ಒಂದು ಮಾತು ನುಂಗುವಂತಿಲ್ಲ. ಆ ಸತ್ರದ ಚಪ್ಪರದಲ್ಲಿ ಬ್ರಾಹ್ಮಣ ಗಂಡಸರಿಗೆ ಮಾತ್ರ ಅಧಿಕಾರ. ನನಗಾಗಲಿ, ನನ್ನ ತರಗತಿಯ ಬಹುಪಾಲು ಮಕ್ಕಳಿಗಾಗಲಿ ಅಲ್ಲಿ ಋತ್ವಿಜರ ಜಾಗವಿರಲಿಲ್ಲ. ಮಾವನೂ ಇದನ್ನು ಅಲ್ಲಗಳೆಯಲಿಲ್ಲ. ಚಪ್ಪರ ಅವರದೇ ಇರಲಿ, ಲೆಕ್ಕದ ಪುಸ್ತಕ ನಮಗೂ ಬೇಕು ಎಂದು ನಾನು ಅದನ್ನು ಎತ್ತಿಕೊಂಡು ಬಂದಿದ್ದೇನೆ.

ಸಸ್ಯಶಾಸ್ತ್ರಜ್ಞರಲ್ಲಿ ಒಂದು ಹಳೆಯ ರೂಢಿಯಿದೆ, ಅದರ ಬಗ್ಗೆ ನನಗೆ ಸ್ವಲ್ಪ ಜಂಬವೇ. ಗಿಡ ಕಿತ್ತು, ಹಳೆಯ ದಿನಪತ್ರಿಕೆಗಳ ನಡುವೆ ಒತ್ತಿಟ್ಟು, ದಿನಾ ಕಾಗದ ಬದಲಿಸಿ, ಒಣಗಿದ ಮೇಲೆ ದಪ್ಪ ಹಾಳೆಗೆ ಹೊಲಿದು ಹರ್ಬೇರಿಯಮ್ಮಿಗೆ ಸೇರಿಸುತ್ತೇವೆ. ಹಾಳೆಯ ಬಲ ಕೆಳಮೂಲೆಯಲ್ಲಿ ಒಂದು ಚೀಟಿ. ಗಿಡದ ಹೆಸರು, ಸಿಕ್ಕ ಊರು, ತಾರೀಕು, ಜೊತೆಗೆ ಸಂಗ್ರಹಿಸಿದವರ ಹೆಸರು ಮತ್ತು ಅವರ ಸಂಗ್ರಹದ ಸಂಖ್ಯೆ. ಗುರುತಿಸಿದವರು ಬೇರೆಯಾದರೆ ಅವರ ಹೆಸರು ಬೇರೆ. ಗಿಡಕ್ಕೆ ಹೆಸರಿಟ್ಟವರು ಎಷ್ಟೇ ದೊಡ್ಡವರಿರಲಿ, ಜಿಗಣೆ ಕಚ್ಚಿಸಿಕೊಂಡು ಅದನ್ನು ಕಿತ್ತು ತಂದ ಬಿಎಸ್ಸಿ ಹುಡುಗನ ಹೆಸರು ಚೀಟಿಯಿಂದ ಹೋಗುವುದಿಲ್ಲ. ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನ ಜೆಸ್ಯೂಟ್ ಪಾದ್ರಿ ಸೆಸಿಲ್ ಸಲ್ಡಾನ ಅವರು ಡ್ಯಾನ್ ನಿಕೋಲ್ಸನ್ ಜೊತೆ ಸೇರಿ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥವನ್ನು 1976ರಲ್ಲಿ ಹೊರತಂದರು. ಮುಖಪುಟದಲ್ಲಿ ಆ ಇಬ್ಬರ ಹೆಸರು. ಒಳಗೆ ಗಿಡಗಳ ಕೆಳಗೆ ಸಣ್ಣ ಅಕ್ಷರದಲ್ಲಿ ಸಂಗ್ರಾಹಕರ ಹೆಸರುಗಳು. ನನ್ನ ವಿದ್ಯಾರ್ಥಿಗಳಿಗೆ ಆ ಪುಸ್ತಕ ಕೊಟ್ಟಾಗ ಮೊದಲು ತೋರಿಸುವುದು ಆ ಸಣ್ಣಕ್ಷರವನ್ನು.

ಇನ್ನು ಸರ್ಟಿಫಿಕೇಟಿಗಾಗಿ ಸಂಘ ಸೇರುವವರ ಮಾತು. ಎನ್‌ಎಸ್‌ಎಸ್ ಶುರುವಾದದ್ದು ಗಾಂಧಿ ಶತಮಾನೋತ್ಸವದ ಸಮಯದಲ್ಲಿ, 1969ರ ಸೆಪ್ಟೆಂಬರ್ 24ರಂದು. ಅದರ ಧ್ಯೇಯವಾಕ್ಯ ‘ನನಗಲ್ಲ, ನಿನಗೆ’. ಅದೇ ಯೋಜನೆ ಎರಡು ವರ್ಷದಲ್ಲಿ 240 ಗಂಟೆ ದುಡಿದು, 7 ದಿನದ ಶಿಬಿರ ಮುಗಿಸಿದವರಿಗೆ ಪ್ರಮಾಣಪತ್ರ ಕೊಡುತ್ತದೆ. ನನಗಲ್ಲ ಎಂದ ಮೇಲೆ ಪತ್ರ ಯಾಕೆ ಎಂದು ಸಹೋದ್ಯೋಗಿಗಳು ಮೂಗು ಮುರಿಯುತ್ತಾರೆ. ಹಾಜರಿ ಪುಸ್ತಕದ ಸುತ್ತ ಮುತ್ತುವ ಹುಡುಗರನ್ನು ಕಂಡರೆ ಅವರಿಗೆ ಅಸಹ್ಯ. ಮೀಮಾಂಸಕರಿಗೆ ಆಗುವುದಿಲ್ಲ. ಫಲ ಬಯಸಿ ಮಾಡುವುದು ಕಾಮ್ಯಕರ್ಮ, ಅದಕ್ಕೂ ವಿಧಿಯಿದೆ, ಗೌರವವಿದೆ. ಬಯಸದೆ ಪ್ರತಿದಿನ ಮಾಡಲೇಬೇಕಾದ್ದು ನಿತ್ಯಕರ್ಮ. ನನಗೆ ಸೋಜಿಗವೆನಿಸಿದ್ದು ಇವುಗಳ ನಡುವಿನ ಕಟ್ಟಳೆ. ನಿತ್ಯಕರ್ಮವನ್ನು ಕೈಲಾದಷ್ಟು ಮಾಡಿದರೂ ನಡೆಯುತ್ತದೆ, ಅಲ್ಲಿ ಇಲ್ಲಿ ಒಂದು ಅಂಗ ಬಿಟ್ಟುಹೋದರೆ ಮಾಫಿ ಇದೆ. ಕಾಮ್ಯಕ್ಕೆ ಆ ರಿಯಾಯಿತಿ ಇಲ್ಲ. ಎಲ್ಲ ಅಂಗಗಳೂ ಸೇರಿ ನಡೆದರೆ ಫಲ, ಒಂದು ತಪ್ಪಿದರೂ ಇಲ್ಲ.

ಹಾಗಾದರೆ ನಾವು ತಲೆಕೆಳಗು ಮಾಡಿಕೊಂಡಿದ್ದೇವೆ. ಪ್ರೀತಿಯಿಂದ ಬಂದ ಹುಡುಗಿ ಒಂದು ಭಾನುವಾರ ತಪ್ಪಿಸಿದರೆ ‘ಇಷ್ಟೇನಾ ನಿನ್ನ ಆಸಕ್ತಿ’ ಎಂದು ಚುಚ್ಚುತ್ತೇವೆ. ಪತ್ರಕ್ಕೆ ಬಂದವನು ಫೋಟೋಗೆ ನಿಂತು ಮಾಯವಾದರೆ, ಹೇಗೂ ಅವನು ಪತ್ರಕ್ಕೆ ತಾನೆ ಬಂದದ್ದು ಎಂದು ಸಹಿ ಹಾಕುತ್ತೇವೆ. ನಡೆಯಬೇಕಾದ್ದು ಬೇರೆ ರೀತಿ. ಪತ್ರ ಬೇಕೆಂದವನೇ 240 ಗಂಟೆಯನ್ನೂ ತುಂಬಿಸಲಿ, ಒಂದು ಗಂಟೆಯೂ ಕಡಿಮೆಯಾಗದಂತೆ. ಬಯಕೆಯಲ್ಲಿ ತಪ್ಪಿಲ್ಲ, ಅರೆಬರೆಯಲ್ಲಿದೆ. ಐದಾರು ಸಂಘದಲ್ಲಿ ಹೆಸರು ಬರೆಸಿ ಯಾವುದಕ್ಕೂ ಹೋಗದವರನ್ನು ಕಂಡಾಗ ನನಗೆ ಆಯ್ದಕ್ಕಿ ಲಕ್ಕಮ್ಮ ನೆನಪಾಗುತ್ತಾಳೆ. ಗಂಡ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಹಿಂದಕ್ಕಟ್ಟಿದವಳು.

ಜೋಸೆಲಿನ್ ಬೆಲ್ ಅವರ ಕತೆ ವಿಜ್ಞಾನ ಓದಿದವರಿಗೆ ಗೊತ್ತಿರುತ್ತದೆ. ಕೇಂಬ್ರಿಜ್‌ನಲ್ಲಿ ಸಂಶೋಧನ ವಿದ್ಯಾರ್ಥಿನಿ. ರೇಡಿಯೋ ದೂರದರ್ಶಕ ಕಟ್ಟುವಾಗ ಸುತ್ತಿಗೆ ಹಿಡಿದು ದುಡಿದವರಲ್ಲಿ ಅವರೂ ಒಬ್ಬರು. ಆಮೇಲೆ ದಿನಕ್ಕೆ ಸುಮಾರು 30 ಮೀಟರ್ ಉದ್ದದ ಚಾರ್ಟ್ ಕಾಗದವನ್ನು ಕಣ್ಣಲ್ಲೇ ಓದುತ್ತ, 1967ರಲ್ಲಿ, ಯಾರೂ ನಿರೀಕ್ಷಿಸದ ಒಂದು ಗೀಚನ್ನು ಗಮನಿಸಿದರು. ಅದೇ ಪಲ್ಸಾರ್. 1968ರ ಲೇಖನದ ಐದು ಹೆಸರುಗಳಲ್ಲಿ ಅವರದು ಎರಡನೆಯದು. 1974ರ ನೊಬೆಲ್ ಮಾತ್ರ ಅವರ ಮಾರ್ಗದರ್ಶಕ ಹ್ಯೂಯಿಷ್ ಮತ್ತು ರೈಲ್ ಅವರಿಗೆ ಹೋಯಿತು. ಜಗತ್ತು ಗಲಾಟೆ ಮಾಡಿತು. ಅವರು ಮಾತ್ರ, ತೀರ ಅಪರೂಪದ ಸಂದರ್ಭ ಬಿಟ್ಟರೆ ವಿದ್ಯಾರ್ಥಿಗಳಿಗೆ ನೊಬೆಲ್ ಕೊಡುವುದು ಸರಿಯಲ್ಲ, ತನ್ನದು ಅಂಥ ಸಂದರ್ಭವಲ್ಲ ಎಂದುಬಿಟ್ಟರು.

ನಿಷ್ಕಾಮ ಎಂಬುದಿದ್ದರೆ ಇದು. ಏಕೆಂದರೆ ಹೇಳಿದವರು ಕಳೆದುಕೊಂಡವರು. ಇದೇ ಮಾತನ್ನು ಪದಕ ಕೊರಳಿಗೆ ಹಾಕಿಕೊಂಡವರು ಹೇಳಿದ್ದರೆ ಕೇಳಲು ಎಷ್ಟು ಕಹಿ! ಬೆಲ್ ಕ್ವೇಕರ್ ಪಂಥದವರು, ಅವರ ಸಂಪ್ರದಾಯದ ಪ್ರಾರ್ಥನಾಸಭೆಗಳಲ್ಲಿ ಪುರೋಹಿತನೇ ಇರುವುದಿಲ್ಲ, ಎಲ್ಲರೂ ಸುಮ್ಮನೆ ಕೂರುತ್ತಾರೆ, ಮನಸ್ಸು ಬಂದವರು ಎದ್ದು ಮಾತಾಡುತ್ತಾರೆ. ಒಂದು ಬಗೆಯ ಸತ್ರವೇ ಅದು. 2018ರಲ್ಲಿ ಅವರಿಗೆ 30 ಲಕ್ಷ ಡಾಲರಿನ ಬ್ರೇಕ್‌ಥ್ರೂ ಬಹುಮಾನ ಬಂದಾಗ ಅಷ್ಟನ್ನೂ ಭೌತವಿಜ್ಞಾನದಲ್ಲಿ ಅವಕಾಶ ಸಿಗದ ವರ್ಗಗಳ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಕೊಟ್ಟರು. ತನಗೆ ಬಂದದ್ದನ್ನು ಬಿಟ್ಟರು, ವಿದ್ಯಾರ್ಥಿಗಳಿಗೆ ಬಿಡಿ ಎನ್ನಲಿಲ್ಲ.

ನಮ್ಮ ಹುಡುಗಿ ಈ ಬೇಸಿಗೆಗೆ ಮತ್ತೊಂದು ಪ್ರಯೋಗಾಲಯಕ್ಕೆ ಬರೆದಿದ್ದಾಳೆ. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಫೆಲೋಶಿಪ್ ಸಿಕ್ಕಿದ್ದರೆ ಭತ್ಯೆಯ ಲೆಕ್ಕವಾದರೂ ಮೊದಲೇ ಗೊತ್ತಾಗುತ್ತಿತ್ತು, ಅದು ಸಿಗಲಿಲ್ಲ. ತಾನೇ ಈಮೇಲ್ ಮಾಡಿದಳು. ನನ್ನ ಕೆಲಸವೇನು, ಲೇಖನವಾದರೆ ನನ್ನ ಹೆಸರು ಯಾವ ಆಧಾರದ ಮೇಲೆ ನಿರ್ಧಾರವಾಗುತ್ತದೆ ಎಂದು ಎರಡು ಸಾಲು ಸೇರಿಸಿದ್ದಳು. ಮೊದಲು ಬನ್ನಿ, ದತ್ತಾಂಶ ಹೇಗೆ ಬರುತ್ತದೋ ನೋಡೋಣ ಎಂದು ಉತ್ತರ ಬಂತು.

“ಹೋಗ್ತೀನಿ ಮೇಡಂ. ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಅಲ್ಲಿದೆ, ಇಲ್ಲಿ ಕೂತರೆ ಅದು ನೋಡೋಕೆ ಸಿಗಲ್ಲ” ಎಂದಳು.

ಮಾವನಿಗೆ ಹೇಳಿದೆ. “ಕಾಮ್ಯ. ಒಂದು ಅಂಗವನ್ನೂ ಬಿಡಬಾರದು ಅಂತ ಹೇಳು” ಎಂದರು. ಹೆಸರಿನ ಮಾತನ್ನು ಬರೆದು ತರಿಸಿಕೊಳ್ಳುವುದೂ ಒಂದು ಅಂಗವೇ ಎಂದೆ. ಸೂತ್ರದಲ್ಲಿ ಹಾಗಿಲ್ಲವಲ್ಲ ಎಂದು ಅವರು ವಾದಕ್ಕೆ ಕೂತರು. ಹುಡುಗಿ ಅಷ್ಟರಲ್ಲಿ ಎರಡನೆಯ ಈಮೇಲ್ ಕಳಿಸಿಯಾಗಿತ್ತು.