ಇಂದಿನ ಧಮ್ಮ ಚಿಂತನೆ: ಬಣ್ಣ ಹೊಸದು, ಬುಷ್ ಹಳೆಯದು



ಅಪ್ಪ ಓಡಿಸುತ್ತಿದ್ದ ಯೆಜ್ಡಿಯನ್ನು ಈ ಬೇಸಿಗೆ ರಜೆಯಲ್ಲಿ ಸರಿಮಾಡಿಸಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು, ಹಾಗಾಗಿ ಬಿಡಿಭಾಗಕ್ಕೆ ಅಲೆದಾಟ. ನಾನು ಮೊದಲು ಮಾಡಿಸಿದ್ದು ಬಣ್ಣ. ಟ್ಯಾಂಕ್ ಕನ್ನಡಿಯಂತೆ ಹೊಳೆಯಿತು. ಆದರೆ ಗುಂಡಿ ಸಿಕ್ಕಾಗಲೆಲ್ಲ ಹಿಂದಿನಿಂದ ‘ಟಕ್ ಟಕ್’ ಸದ್ದು.

ಮೆಕ್ಯಾನಿಕ್ ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರ ಹಿಡಿದು ಮೇಲೆ ಕೆಳಗೆ ಅಲುಗಿಸಿದರು. “ಮೇಷ್ಟ್ರೇ, ಶಾಕ್ ಅಬ್ಸಾರ್ಬರ್ ಬುಷ್ ಹೋಗಿದೆ” ಎಂದರು. ಬಿಚ್ಚಿದರೆ ನಾಲ್ಕೂ ರಬ್ಬರ್ ಬುಷ್ ಬಿರುಕು ಬಿಟ್ಟಿದ್ದವು. ತೂತು ಮೊಟ್ಟೆಯಾಕಾರಕ್ಕೆ ಸವೆದಿತ್ತು. ಎಣ್ಣೆ ಕುಡಿದ ಒಂದು ಊದಿಕೊಂಡಿತ್ತು.

ಬುಷ್ ಕೂರುವ ಜಾಗದ ತುಕ್ಕು ಉಜ್ಜಿದರು. ಹೊಸ ಬುಷ್‌ಗೆ ಸೋಪಿನ ನೀರು ಸವರಿ, ವೈಸ್‌ನಲ್ಲಿ ನೆಟ್ಟಗೆ ಒತ್ತಿ ಕೂರಿಸಿದರು. ಗ್ರೀಸ್ ಹಚ್ಚಲಿಲ್ಲ, ಅದು ರಬ್ಬರನ್ನು ಕೆಡಿಸುತ್ತದೆ. ಸುತ್ತಿಗೆಯಿಂದ ಬಡಿಯಲಿಲ್ಲ. ನಟ್ಟುಗಳನ್ನು ಮಾತ್ರ ಪೂರ್ತಿ ಬಿಗಿಯದೆ, ಸ್ಟ್ಯಾಂಡ್ ಇಳಿಸಿ, “ಕೂತ್ಕೊಳ್ಳಿ ಮೇಷ್ಟ್ರೇ” ಎಂದರು. ನನ್ನ ಭಾರ ಬಿದ್ದ ಮೇಲೆ ಕೊನೆಯ ಬಿಗಿ.

“ಭಾರ ಇಲ್ದಾಗ ಬಿಗಿದ್ರೆ, ಭಾರ ಬಿದ್ದ ಕೂಡ್ಲೇ ರಬ್ಬರ್ ತಿರುಚ್ಕೊಳ್ಳುತ್ತೆ. ಹಾಗೇ ಇದ್ದು ಬೇಗ ಹರಿದ್ಹೋಗುತ್ತೆ.”

ಬಂಧುಗಳೇ, ಕಳೆದ ತಿಂಗಳು ಅಣ್ಣನ ಮಗಳಿಗೆ ಒಂದು ಸಂಬಂಧ ಬಂತು. ಹುಡುಗ ಬೌದ್ಧ, ಭಾನುವಾರ ವಿಹಾರಕ್ಕೆ ಬರುವವನು. ಆದರೂ ನನ್ನ ಬಾಯಿಂದ ಬಂದ ಮೊದಲ ಮಾತು: “ಅವರು ಎಡಗೈನವರೋ, ಬಲಗೈನವರೋ?”

ಮಗಳು ನನ್ನ ಮುಖ ನೋಡಿದಳು. “ಚಿಕ್ಕಪ್ಪ, 22 ಪ್ರತಿಜ್ಞೆ ನನಗೆ ಬಾಯಿಪಾಠ ಮಾಡಿಸಿದ್ದು ನೀವೇ ಅಲ್ವಾ?”

ನನ್ನಲ್ಲಿ ಉತ್ತರವಿರಲಿಲ್ಲ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ ಆ ಪ್ರತಿಜ್ಞೆಗಳಲ್ಲಿ ಎಲ್ಲ ಮನುಷ್ಯರೂ ಸಮಾನರೆಂದು ನಂಬುವುದೂ ಇದೆ, ಸಮಾನತೆಗಾಗಿ ದುಡಿಯುವುದೂ ಇದೆ. ನಾನು ಅವನ್ನು ಸ್ವೀಕರಿಸಿದ್ದು ಬಿಳಿ ಬಟ್ಟೆ ಉಟ್ಟು, ಯಾವ ಭಾರವೂ ಇಲ್ಲದ ದಿನ. ಗೋಡೆಯ ಪಟ ಬದಲಿಸಿದೆ, ಮಕ್ಕಳ ಹೆಸರು ಬದಲಿಸಿದೆ. ಅದೆಲ್ಲ ಬಣ್ಣ. ಮನೆಮಗಳ ಮದುವೆಯ ಭಾರ ಬಿದ್ದಾಗ ಒಳಗಿನ ಹಳೆಯ ಬುಷ್ ಸದ್ದು ಮಾಡಿತು.

ಸದ್ದು ಬಂದರೆ ನಾಚಿ ಮುಚ್ಚಿಡಬೇಡಿ. ಎಲ್ಲಿಂದ ಬಂತೆಂದು ಅಲುಗಿಸಿ ನೋಡಿ. ಅದೇ ಸಮ್ಮಾಸತಿ. ಸವೆದದ್ದನ್ನು ತೆಗೆದು, ತುಕ್ಕು ಉಜ್ಜಿ, ಭಾರ ಹೊತ್ತಿರುವಾಗಲೇ ಪ್ರತಿಜ್ಞೆಯನ್ನು ಮತ್ತೆ ಬಿಗಿಯೋಣ.

ಮಗಳ ಕ್ಷಮೆ ಕೇಳಿದ್ದೇನೆ. ಈ ಭಾನುವಾರ ಹುಡುಗನ ಮನೆಯಲ್ಲಿ ನಮ್ಮೆಲ್ಲರ ಊಟ. ಅದೇ ಯೆಜ್ಡಿಯಲ್ಲಿ ಹೋಗುತ್ತಿದ್ದೇನೆ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು.