ಮೊದಲು ರೊಟ್ಟಿ, ಆಮೇಲೆ ಬೆಟ್ಟ



ವರದಾ ನದಿಯ ದಂಡೆಯ ಹೊಸರಿತ್ತಿಯಲ್ಲಿ ಚಳಿಗಾಲವೆಂದರೆ ಏನು? ನಸುಕಿನಲ್ಲಿ ಹೊಲದ ಮೇಲೆ ಮಂಜು, ಹೆಗಲ ಮೇಲೊಂದು ಕಂಬಳಿ, ಅಂಗಳದಲ್ಲಿ ಮೈ ಕಾಯಿಸಿಕೊಳ್ಳಲು ಒಂದಿಷ್ಟು ಬೆಂಕಿ. ಬಿಸಿಲೇರಿತೋ, ಚಳಿಯ ಮಾತು ಮುಗಿಯಿತು. ಬ್ಯಾಡಗಿಯ ಕಡೆ ಮೆಣಸಿನಕಾಯಿ ಒಣಗಿಸುವವರಿಗಂತೂ ಆ ಮಂಜು ಬೇಗ ಕರಗಿದರೆ ಸಾಕಾಗಿರುತ್ತದೆ. ಇಂಥ ಸೀಮೆಯವರಾದ ನಮಗೆ ಪವಿತ್ರ ಗ್ರಂಥದ ಬೆಟ್ಟಗಳೆಲ್ಲ ಸುಡುಬಿಸಿಲಿನ ಬೆಟ್ಟಗಳಾಗಿಯೇ ಕಾಣುತ್ತವೆ. ಮರುಭೂಮಿಯಲ್ಲಿ ಹಿಮ ಬೀಳುತ್ತದೆಂದರೆ ಧರ್ಮೋಪದೇಶದ ಮಕ್ಕಳು ನಗುತ್ತಾರೆ.

ಆದರೆ ಬೀಳುತ್ತದೆ. ಮೋಶೆಯು ದಶಾಜ್ಞೆಗಳನ್ನು ಪಡೆದನೆಂದು ಪರಂಪರೆ ತೋರಿಸುವ ಸೀನಾಯ್ ಶಿಖರದ ಎತ್ತರ 2,285 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಸುಮಾರು 350 ಮೀಟರ್ ಹೆಚ್ಚು. ಪಕ್ಕದ ಸಂತ ಕ್ಯಾಥರೀನರ ಬೆಟ್ಟ ಅದಕ್ಕಿಂತಲೂ ಎತ್ತರ. ಬರೀ ಬಂಡೆ. ಹಗಲಿನ ಕಾವನ್ನು ಹಿಡಿದಿಡಲು ಮೋಡವೂ ಇಲ್ಲ, ಹಸಿರೂ ಇಲ್ಲ. ಹೊತ್ತು ಮುಳುಗಿದೊಡನೆ ನೆಲ ತಣ್ಣಗಾಗಿಬಿಡುತ್ತದೆ. 2014ರ ಫೆಬ್ರವರಿಯಲ್ಲಿ ಅದೇ ಸೀಮೆಯ ಬೆಟ್ಟ ಹತ್ತಿದ ಈಜಿಪ್ಟಿನವರೇ ಆದ ನಾಲ್ವರು ಹಿಮದ ಬಿರುಗಾಳಿಗೆ ಸಿಕ್ಕಿ ತೀರಿಕೊಂಡರು.

ಚಳಿ ಮನುಷ್ಯನನ್ನು ಕೊಲ್ಲುವ ಬಗೆಯನ್ನು ಕೇಳಿದರೆ ಎದೆ ಝಲ್ಲೆನ್ನುತ್ತದೆ. ಮೊದಲು ಮೈ ನಡುಗುತ್ತದೆ. ಆಮೇಲೆ ನಾಲಿಗೆ ತೊದಲುತ್ತದೆ, ಕಾಲು ತಡವರಿಸುತ್ತದೆ, ಬುದ್ಧಿ ಮಂಕಾಗುತ್ತದೆ. ತಾನು ಅಪಾಯದಲ್ಲಿರುವೆನೆಂಬುದೇ ಅವನಿಗೆ ತಿಳಿಯುವುದಿಲ್ಲ. ಕಡೆಗೆ ನಡುಕವೂ ನಿಲ್ಲುತ್ತದೆ. ನೋಡುವವರು, ಪರವಾಗಿಲ್ಲ, ಸುಧಾರಿಸಿಕೊಂಡ ಎಂದುಕೊಳ್ಳಬಹುದು. ನಿಜವಾಗಿ ಅದೇ ಕೆಟ್ಟ ಘಳಿಗೆ.

ಪ್ರವಾದಿ ಎಲೀಯನನ್ನು ನೆನೆಯೋಣ. ಸೀನಾಯಿಯನ್ನೇ ಹೋರೇಬ್ ಎಂದೂ ಕರೆಯುತ್ತಾರೆ. ಆ ಬೆಟ್ಟಕ್ಕೆ ಎಲೀಯನು ಹೋದದ್ದು ಶೂರನಾಗಿ ಅಲ್ಲ. ರಾಣಿ ಈಜೆಬೆಲಳ ಭಯಕ್ಕೆ ಓಡಿಬಂದು, ಅಡವಿಯ ಜಾಲಿಗಿಡದ ಕೆಳಗೆ ಕುಳಿತು, ತನ್ನ ಪ್ರಾಣ ತೆಗೆದುಕೋ ಎಂದು ದೇವರನ್ನು ಬೇಡಿಕೊಂಡವನು ಅವನು. ಆಗ ದೇವದೂತನು ಏನು ಮಾಡಿದನು? ಅವಿಶ್ವಾಸಿ ಎಂದು ಗದರಿಸಲಿಲ್ಲ. ಉಪದೇಶವನ್ನೂ ಕೊಡಲಿಲ್ಲ (ಉಪದೇಶ ಮಾಡುವ ನಮ್ಮಂಥವರು ಇದನ್ನು ಚೆನ್ನಾಗಿ ಓದಬೇಕು). ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದವನನ್ನು ಮಲಗಲು ಬಿಟ್ಟನು. ಎರಡನೆಯ ಸಲ ಎಬ್ಬಿಸಿ ಮತ್ತೆ ತಿನ್ನಿಸಿದನು. ಹೋಗಬೇಕಾದ ದಾರಿ ನಿನ್ನ ಶಕ್ತಿಗೆ ಮೀರಿದ್ದು ಎಂದು ದೇವದೂತನೇ ಒಪ್ಪಿಕೊಂಡನು. ಆ ಮೇಲೆ ತಾನೇ ನಲವತ್ತು ದಿನಗಳ ನಡಿಗೆ, ಬೆಟ್ಟ, ಗವಿ! ಬಂಡೆ ಸೀಳುವ ಗಾಳಿ ಬೀಸಿದಾಗ ಎಲೀಯನು ಹೊರಗೆ ನಿಂತು ಧೈರ್ಯ ಪ್ರದರ್ಶಿಸಲಿಲ್ಲ. ಗಾಳಿ, ಭೂಕಂಪ, ಬೆಂಕಿ ಎಲ್ಲ ಕಳೆದು ಮೆಲುದನಿ ಕೇಳಿಸಿದ ಮೇಲೆಯೇ ಕಂಬಳಿಯಿಂದ ಮುಖ ಮುಚ್ಚಿಕೊಂಡು ಗವಿಯ ಬಾಗಿಲಿಗೆ ಬಂದನು.

ನಮ್ಮ ಹಾವೇರಿ ಸೀಮೆಗೆ ಆ ಜಾಲಿಗಿಡ ಅಪರಿಚಿತವೇ? ಮಳೆ ಕೈಕೊಟ್ಟ ವರ್ಷ, ಬೀಜಗೊಬ್ಬರದ ಸಾಲ, ಮಗಳ ಮದುವೆಯ ಸಾಲ. ಇಲ್ಲಿ ಎಷ್ಟೋ ರೈತರು ಆ ಗಿಡದ ಕೆಳಗೆ ಕುಳಿತರು. ಕೆಲವರು ಏಳಲೇ ಇಲ್ಲ. ದಿನವೂ ಗೊಣಗುತ್ತಿದ್ದ ಮನೆಯ ಯಜಮಾನ ಇದ್ದಕ್ಕಿದ್ದಂತೆ ಸುಮ್ಮನಾದರೆ, ಸಾಲದ ಮಾತನ್ನೇ ಬಿಟ್ಟರೆ, ಸಮಾಧಾನವಾಯಿತೆಂದು ಮನೆಯವರು ಸುಮ್ಮನಿರಬಾರದು. ನಡುಕ ನಿಂತದ್ದೇ ಇರಬಹುದು. ಅಂಥ ಮನೆಗೆ ಹೋಗುವವರು ಆತ್ಮಹತ್ಯೆ ಪಾಪವೆಂಬ ಪಾಠವನ್ನು ಕೈಯಲ್ಲಿ ಹಿಡಿದು ಹೋಗುವುದು ಬೇಡ. ಬುತ್ತಿ ಕಟ್ಟಿಕೊಂಡು ಹೋಗಲಿ. ಕೂತು ಊಟ ಮಾಡಲಿ. ಒಂದೇ ಸಲ ಹೋಗಿ ಕೈತೊಳೆದುಕೊಳ್ಳದೆ, ದೇವದೂತನಂತೆ ಎರಡನೆಯ ಸಲವೂ ಹೋಗಲಿ. ವೈದ್ಯರ ಬಳಿಗೆ ಕರೆದೊಯ್ಯಬೇಕಾದರೆ ಜೊತೆಗೇ ನಡೆಯಲಿ.

ಇಷ್ಟು ತಡವಾಗಿ ಹೋಗಿ ಏನು ಫಲ ಎನ್ನುವವರಿದ್ದಾರೆ. ಅವರಿಗೆ ನಮ್ಮ ನೆರೆಯ ಕುಂದಗೋಳ ತಾಲ್ಲೂಕಿನ ಬೆಟದೂರಿನ ಮಗನ ಮಾತು ಹೇಳಬೇಕು. ಲಡಾಖ್ ಕೂಡ ಮರುಭೂಮಿಯೇ, ಶೀತ ಮರುಭೂಮಿ. ಅದರ ಉತ್ತರದ ಅಂಚಿನಲ್ಲಿ ಸಿಯಾಚಿನ್. 2016ರ ಫೆಬ್ರವರಿ 3ರಂದು, ಸುಮಾರು 19,600 ಅಡಿ ಎತ್ತರದ ಕಾವಲು ಠಾಣೆಯ ಮೇಲೆ ಹಿಮದ ಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಸೈನಿಕರು ಹೂತುಹೋದರು. ಅವರು ಹವೆ ಕೆಟ್ಟಿತೆಂದು ಇಳಿದುಬರುವ ಸ್ವಾತಂತ್ರ್ಯವಿದ್ದವರಲ್ಲ, ಕರ್ತವ್ಯಕ್ಕೆ ನಿಂತವರು. ಯಾರೂ ಬದುಕಿರುವ ಸಂಭವ ತೀರ ಕಡಿಮೆಯೆಂದು ಸೇನೆಯೇ ಮರುದಿನ ಹೇಳಿತು. ಸಂತಾಪಗಳೂ ಪ್ರಕಟವಾದವು.

ಆದರೂ ಅಗೆಯುವವರು ಅಗೆಯುತ್ತಲೇ ಇದ್ದರು. ಅದೇ ಗಾಳಿ, ಅದೇ ಚಳಿ, ಉಸಿರಾಡಲೂ ಕಷ್ಟವಾದ ಎತ್ತರ. ಕಲ್ಲಿನಂತೆ ಗಟ್ಟಿಯಾದ ಮಂಜುಗಡ್ಡೆ. ಡಾಟ್ ಮತ್ತು ಮಿಶಾ ಎಂಬ ಎರಡು ನಾಯಿಗಳೂ ಮೂಸಿ ಹುಡುಕುವುದಕ್ಕೆ ಜೊತೆಗಿದ್ದವು. ಆರನೆಯ ದಿನ, ಫೆಬ್ರವರಿ 8ರಂದು, 25 ಅಡಿ ಆಳದಲ್ಲಿ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಸಿಕ್ಕರು. ಉಸಿರಿತ್ತು! ದಿಲ್ಲಿಯ ಸೇನಾ ಆಸ್ಪತ್ರೆಗೆ ತಂದರು. 10ರಂದು ವಿಭೂತಿ ಬುಧವಾರ. ನಮ್ಮ ಹಣೆಗೆ ಬೂದಿ ಹಚ್ಚಿಸಿಕೊಂಡ ಆ ದಿನ ಜಾತಿಮತವೆನ್ನದೆ ನಾಡೆಲ್ಲ ಅವರಿಗಾಗಿ ಬೇಡಿಕೊಳ್ಳುತ್ತಿತ್ತು. 11ರಂದು, ಲೂರ್ದು ಮಾತೆಯ ಹಬ್ಬದ ದಿನ, ಧರ್ಮಸಭೆಯು ರೋಗಿಗಳಿಗಾಗಿ ಪ್ರಾರ್ಥಿಸಲೆಂದೇ ಮೀಸಲಿಟ್ಟ ದಿನ, ಅವರು ತೀರಿಕೊಂಡರು.

ಹಾಗಾದರೆ ಆ ಅಗೆತ ವ್ಯರ್ಥವಾಯಿತೇ? ಬೆಟದೂರಿನಲ್ಲಿ ಯಾರೂ ಹಾಗೆ ಹೇಳಲಾರರು. ಆರು ದಿನ ಕತ್ತಲಲ್ಲಿ ಮಲಗಿದ್ದವನ ಬಳಿಗೆ ಮನುಷ್ಯರ ಕೈ ತಲುಪಿತು. ಮಗ ಊರಿಗೆ ಬಂದು ತನ್ನ ಮಣ್ಣಿನಲ್ಲಿ ಮಲಗಿದ. ಉಳಿದ ಒಂಬತ್ತು ಜನರನ್ನೂ, ಅವರಲ್ಲಿ ನಮ್ಮ ಹಾಸನ, ಮೈಸೂರು ಜಿಲ್ಲೆಗಳವರೂ ಇದ್ದರು, ಆ ಹಿಮದಲ್ಲಿ ಬಿಟ್ಟು ಯಾರೂ ಕೆಳಗಿಳಿಯಲಿಲ್ಲ.